ಒದ್ದೆಯಕ್ಕನ ಕಟ್ಟೆಯ ಹನಿಗಳು

ಆ ಬೀದಿಯಲ್ಲಿ ಅವಳನ್ನು ಒದ್ದೆಯಕ್ಕ ಎಂದು ಕರೆಯುತ್ತಿದ್ದರು. ಹೆಸರಿಟ್ಟವನು ಮೂಲೆಯ ಅಂಗಡಿಯವನು. ಅವಳು ಉಪ್ಪಿಗೆ ಹೋಗಲಿ, ಎಣ್ಣೆಗೆ ಹೋಗಲಿ, ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಒದ್ದೆ ಪಟ್ಟಿ ಇದ್ದೇ ಇರುತ್ತಿತ್ತು. ಮೇಲೆ ಒಣ, ಕೆಳಗೆ ಒಣ, ನಡುವೆ ಮಾತ್ರ ಯಾರೋ ಅಳತೆ ಹಿಡಿದು ನೀರು ಬಳಿದ ಹಾಗೆ. ಬೇಸಿಗೆಯಲ್ಲಿ ನೋಡಿದವರು ಪುಣ್ಯವಂತೆ, ತಂಪಾಗಿದ್ದಾಳೆ ಅನ್ನುತ್ತಿದ್ದರು. ಚಳಿಗಾಲದಲ್ಲಿ ಅಯ್ಯೋ ಪಾಪ ಅನ್ನುತ್ತಿದ್ದರು. ಯಾವ ಕಾಲದಲ್ಲೂ ಕಾರಣ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅಡುಗೆಮನೆಯಿಂದ ಬಂದ ಹೆಂಗಸು ಒದ್ದೆಯಾಗಿದ್ದರೆ ಅದರಲ್ಲಿ ಕೇಳುವುದೇನಿದೆ?

ಕಾರಣ ಅವಳ ಅಡುಗೆ ಕಟ್ಟೆ. ಕಿಟಕಿಯ ಗೋಡೆಗೆ ಒತ್ತಿಕೊಂಡು, ಆ ತುದಿಯಲ್ಲಿ ಒಲೆ, ಈ ತುದಿಯಲ್ಲಿ ಸಿಂಕು ಇದ್ದ ಕರಿಕಲ್ಲಿನ ಕಟ್ಟೆ. ಅದರ ಮೇಲೆ ಚೆಲ್ಲಿದ ನೀರು ಸಿಂಕಿನ ಕಡೆ ಹೋಗಬೇಕಿತ್ತು. ಹೋಗುತ್ತಿರಲಿಲ್ಲ. ನೆಟ್ಟಗೆ ಮುಂದಿನ ಅಂಚಿಗೆ ಬಂದು, ಅಲ್ಲಿ ಒಂದು ಕ್ಷಣ ನಿಂತು, ಆಮೇಲೆ ಅವಳ ಹೊಟ್ಟೆಗೆ ಇಳಿಯುತ್ತಿತ್ತು.

ಇದರಲ್ಲಿ ನಗಬೇಕಾದ ಸಂಗತಿಯೆಂದರೆ ಅವಳ ಗಂಡನ ಕಸುಬು. ಅವನು ಟೈಲ್ಸ್ ಮೇಸ್ತ್ರಿ. ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಕಂಡೂ ಕಾಣದ ಇಳಿಜಾರಿಗೆ ಅವರ ಕಸುಬಿನಲ್ಲಿ ವಾಟ ಅನ್ನುತ್ತಾರೆ. ಆ ಸುತ್ತಿನಲ್ಲಿ ಅವನಂತೆ ವಾಟ ಕೊಡುವವರು ಇನ್ನೊಬ್ಬರಿರಲಿಲ್ಲ. ಅವನು ಮಾಡಿದ ಬಚ್ಚಲಲ್ಲಿ ನೀರು ನಿಂತದ್ದನ್ನು ಯಾರೂ ಕಂಡಿಲ್ಲ. ಹೊಸ ಮನೆ ಕಟ್ಟಿಸಿದವರು ಬಂದ ನೆಂಟರನ್ನು ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗಿ ಒಂದು ಚೊಂಬು ನೀರು ಸುರಿದು ತೋರಿಸುತ್ತಿದ್ದರು. ನೀರನ್ನು ತಳ್ಳಬಾರದು, ಅದರ ಬೆನ್ನಿಗೆ ಮೆಲ್ಲಗೆ ಕೈಯಿಡಬೇಕು ಎಂದು ಮೇಸ್ತ್ರಿ ಎಲ್ಲರಿಗೂ ಹೇಳುತ್ತಿದ್ದ. ಅವನ ಹೆಂಡತಿಯ ಹೊಟ್ಟೆಯ ಮೇಲೆ ಆ ಕೈ ಎಷ್ಟೋ ವರ್ಷಗಳಿಂದ ಇತ್ತು.

ಮದುವೆಯಾದ ವರ್ಷವೇ ಆ ಕಟ್ಟೆ ಕಟ್ಟಿದ್ದು. ಅಂದಿನಿಂದ ಒದ್ದೆಯಕ್ಕ ದಿನಕ್ಕೆ ಎಷ್ಟು ಸಲ ಅದರ ಮುಂದೆ ನಿಂತಳೋ ಲೆಕ್ಕವಿಟ್ಟವರಿಲ್ಲ. ಇಟ್ಟಿದ್ದರೂ ಅದು ಯಾವ ಕಸುಬಿನ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಕೈ ಕೆಲಸ ಮಾಡುತ್ತಿರುವಾಗ ಕಣ್ಣಿಗೂ ಏನಾದರೂ ಬೇಕಲ್ಲ, ಅವಳು ಹನಿಗಳನ್ನು ನೋಡುತ್ತಿದ್ದಳು. ನೋಡಿ ನೋಡಿ ಅವಕ್ಕೆ ನೆಂಟರ ಹೆಸರಿಟ್ಟಿದ್ದಳು.

ಪುಟ್ಟ ಹನಿ ಇಳಿಜಾರಿನಲ್ಲಿದ್ದರೂ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ಕೂತಿರುತ್ತಿತ್ತು. ಅದು ಚಿಕ್ಕಮಾವ. ಎರಡು ದಿನಕ್ಕೆಂದು ಬಂದು ಅಲುಗಾಡದವರು. ಅವರಿಗೆ ಇನ್ನೊಂದು ಹನಿ ಬಂದು ಸೇರಬೇಕು, ಮೈ ತುಂಬಬೇಕು, ಮುಂದಿನ ಹೊಟ್ಟೆ ಉಬ್ಬಿ ಹಿಂದಿನ ಬಾಲ ತೆಳ್ಳಗಾಗಬೇಕು. ಆಗಲೂ ಹೋಗಲೋ ಬೇಡವೋ ಎಂದು ಬಾಗಿ ನೋಡಿ, ಕೊನೆಗೆ ಒಮ್ಮೆಲೇ ಹೊರಟುಬಿಡುತ್ತಿದ್ದರು. ಹೊರಟ ಮೇಲೆ ದಾರಿಯಲ್ಲಿ ಸಿಕ್ಕ ಸಣ್ಣಪುಟ್ಟವರನ್ನೆಲ್ಲ ಎಳೆದುಕೊಂಡು ದಪ್ಪವಾಗುತ್ತ ಓಡುವ ಹನಿ ಅತ್ತೆ. ಅತ್ತೆ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೊರಟರೆ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅರ್ಧ ಬೀದಿ ಜೊತೆಗಿರುತ್ತಿತ್ತು. ಮುಂಚೆ ಯಾರೋ ಹೋದ ಒದ್ದೆ ದಾರಿಯಲ್ಲೇ ಸಲೀಸಾಗಿ ಜಾರಿ ಬಂದು, ತಾನೇ ದಾರಿ ಮಾಡಿದೆ ಎಂಬ ಠೀವಿಯಲ್ಲಿ ಅಂಚಿಗೆ ಬಂದು ನಿಲ್ಲುವ ಹನಿಗೆ ಯಾರ ಹೆಸರಿಟ್ಟಿದ್ದಳೆಂದು ಅವಳು ಮಗಳಿಗೂ ಹೇಳಿರಲಿಲ್ಲ. ಮಗಳಿಗೆ ಗೊತ್ತಿತ್ತು. ಅಪ್ಪ ಕೆಲಸದಿಂದ ಬಂದು ಅಂಗಳದಲ್ಲಿ ನಿಲ್ಲುವ ಶೈಲಿಯೇ ಅದು.

ಹೀಗೆ ನಗುನಗುತ್ತಲೇ ಇನ್ನೂ ಎಷ್ಟೋ ವರ್ಷ ಕಳೆದುಹೋಗುತ್ತಿತ್ತೋ ಏನೋ. ಆದರೆ ಆ ವರ್ಷ ಹೊಟ್ಟೆಯ ಮೇಲೆ ನವೆ ಹತ್ತಿಕೊಂಡಿತು. ಒದ್ದೆ ಪಟ್ಟಿ ಇದ್ದಷ್ಟೇ ಅಗಲಕ್ಕೆ ಚರ್ಮ ಕೆಂಪಾಗಿ, ತುರಿಸಿ ತುರಿಸಿ ಸುಲಿದುಹೋಯಿತು. ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, ಇದನ್ನು ಹಚ್ಚುವುದಕ್ಕಿಂತ ಮುಖ್ಯ ಆ ಜಾಗ ಒಣಗಿರುವುದು, ಒದ್ದೆಯಾಗುವುದು ನಿಲ್ಲದಿದ್ದರೆ ಮುಲಾಮು ದಂಡ ಎಂದರು.

ಒದ್ದೆಯಕ್ಕ ಮನೆಗೆ ಬಂದು ಡಾಕ್ಟರು ಹೇಳಿದ್ದನ್ನು ಹೇಳಿದಳು. ಮನೆಯವರೆಲ್ಲ ಬಹಳ ಕಾಳಜಿಯಿಂದ ಸಲಹೆ ಕೊಟ್ಟರು. ಒಂದು ಗೇಣು ಹಿಂದೆ ನಿಂತುಕೋ ಎಂದರು ಅತ್ತೆ. ನೀರು ಸ್ವಲ್ಪ ಕಡಿಮೆ ಬಳಸು ಎಂದ ಮೇಸ್ತ್ರಿ. ಹೊಟ್ಟೆ ಒಳಗೆ ಎಳೆದುಕೋ ಅಮ್ಮ, ವ್ಯಾಯಾಮವೂ ಆಗುತ್ತೆ ಎಂದಳು ಮಗಳು. ಅವಳು ಎಲ್ಲವನ್ನೂ ಮಾಡಿ ನೋಡಿದಳು. ಅಂಚಿಗೆ ಟವೆಲ್ ಸುರುಳಿ ಮಾಡಿ ಇಟ್ಟಳು. ಟವೆಲ್ ಹಿಂಡುವುದು, ಒಣಗಿಸುವುದು ಇನ್ನೊಂದು ಕೆಲಸವಾಯಿತು. ಕಲಸಿದ ಹಿಟ್ಟಿನಿಂದ ಅಣೆಕಟ್ಟು ಕಟ್ಟಿದಳು. ಅತ್ತೆ ಅದನ್ನು ತಿನ್ನುವ ಹಿಟ್ಟೆಂದುಕೊಂಡು ತೆಗೆದು ಬೇಯಿಸಿಬಿಟ್ಟರು, ಮೇಸ್ತ್ರಿ ಇವತ್ತು ರೊಟ್ಟಿ ಚೆನ್ನಾಗಿದೆ ಎಂದು ಹೊಗಳಿ ತಿಂದ. ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಳು. ಒಳಗೆ ಬೆವರು ಹರಿದು ನವೆ ಇಮ್ಮಡಿಯಾಯಿತು. ಅವಳು ಹೇಗೆ ನಿಲ್ಲಬೇಕು, ಏನು ಉಡಬೇಕು, ಉಸಿರು ಎಷ್ಟು ಎಳೆಯಬೇಕು ಎಂದು ಎಲ್ಲರಿಗೂ ತೋಚಿತು. ಕಲ್ಲನ್ನು ಎತ್ತಿ ಇನ್ನೊಂದು ಸಲ ಕೂರಿಸಬಹುದು ಎಂದು ಮಾತ್ರ ಒಬ್ಬರಿಗೂ ತೋಚಲಿಲ್ಲ.

ಅವಳಿಗೆ ತೋಚಿತು. ಅದಕ್ಕೆ ಸರಿಯಾದ ಸಮಯವೂ ಬಂದಿತ್ತು. ಮೇಸ್ತ್ರಿಗೆ ಒಂದು ದೊಡ್ಡ ಹೋಟೆಲಿನ ಕೆಲಸ ಸಿಕ್ಕುವುದರಲ್ಲಿತ್ತು. ಅದು ಶುರುವಾದರೆ ವರ್ಷವಿಡೀ ಅವನು ಮನೆಗೆ ಊಟಕ್ಕೂ ನಿದ್ದೆಗೂ ಬಿಟ್ಟರೆ ಸಿಗುವವನಲ್ಲ. ಅದಕ್ಕೆ ಮುಂಚೆ ಒಂದು ವಾರ ಬಿಡುವು. ಆ ವಾರದಲ್ಲಿ ಕಟ್ಟೆ ಸರಿಯಾಗದಿದ್ದರೆ ಇನ್ನೊಂದು ವರ್ಷ ನವೆಯೇ ಗತಿ. ಅವಳು ಗಂಡನ ತಟ್ಟೆಗೆ ಅನ್ನ ಬಡಿಸುತ್ತ, ಕಟ್ಟೆಯ ವಾಟ ತಪ್ಪಿದೆ, ಬಿಚ್ಚಿ ಹಾಕಿಕೊಡಿ ಎಂದಳು.

ಮೇಸ್ತ್ರಿ ತುತ್ತು ಕೆಳಗಿಟ್ಟ. ಅಡುಗೆ ಕೆಟ್ಟಿದೆ ಎಂದು ಯಾರಾದರೂ ಅವಳಿಗೆ ಹೇಳಿದರೆ ಅವಳು ಇನ್ನೊಂದು ಚಿಟಿಕೆ ಉಪ್ಪು ಹಾಕುತ್ತಿದ್ದಳು. ವಾಟ ತಪ್ಪಿದೆ ಎಂದು ಅವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಅವನು ಕೈ ತೊಳೆದು ನೇರ ರಸಮಟ್ಟ ತಂದ. ನಡುವೆ ಗಾಜಿನ ಕೊಳವೆ, ಅದರೊಳಗೆ ಒಂದು ಗುಳ್ಳೆ ಇರುವ ಉದ್ದನೆಯ ಕೋಲು ಅದು. ಕಟ್ಟೆಯ ಉದ್ದಕ್ಕೆ ಇಟ್ಟು ಗುಳ್ಳೆ ತೋರಿಸಿದ. ಸಿಂಕಿನ ಕಡೆಗೆ ಎಷ್ಟು ಬೇಕೋ ಅಷ್ಟೇ ಇಳಿಜಾರು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಡ್ಡಕ್ಕಿಟ್ಟು ನೋಡಿ ಎಂದಳು ಅವಳು. ಅಡ್ಡಕ್ಕೆ ಅದು ಹಿಡಿಸಲಿಲ್ಲ. ಕಟ್ಟೆಯ ಅಗಲಕ್ಕಿಂತ ಕೋಲು ಉದ್ದ. ಹಿಂದೆ ಗೋಡೆಗೆ ತಾಕಿ, ಮುಂದೆ ಅವಳ ಹೊಟ್ಟೆಗೆ ಚುಚ್ಚಿತು. ಅಡ್ಡಕ್ಕೆ ಇಡುವಂಥದ್ದಾಗಿದ್ದರೆ ಕೋಲು ಮಾಡಿದವನು ಗಿಡ್ಡ ಮಾಡುತ್ತಿರಲಿಲ್ಲವೇ ಎಂದು ಮೇಸ್ತ್ರಿ ಕೇಳಿದ.

ಆಮೇಲೆ ಬೆರಳ ತುದಿಯಿಂದ ಒಂದು ಹನಿಯನ್ನು ಕಲ್ಲಿನ ಮೇಲಿಟ್ಟ. ಎಲ್ಲರೂ ಬಾಗಿ ನೋಡಿದರು. ಹನಿ ಕೂತೇ ಇತ್ತು. ನೋಡಿ, ಎಲ್ಲಿಗೂ ಹೋಗುತ್ತಿಲ್ಲ ಎಂದ. ಅದು ಚಿಕ್ಕಮಾವ, ಅಪ್ಪ, ಹಾಗೆಲ್ಲ ಹೋಗೋರಲ್ಲ ಎಂದು ಮಗಳ ಬಾಯಿ ತಪ್ಪಿತು. ಚಿಕ್ಕಮಾವನ ಅಕ್ಕನಾದ ಅತ್ತೆ ಕಣ್ಣಷ್ಟೇ ಎತ್ತಿ, ಯಾರು ಚಿಕ್ಕಮಾವ ಎಂದು ವಿಚಾರಣೆ ಶುರುಮಾಡಿದರು. ಆ ಗಲಾಟೆಯಲ್ಲಿ ಒದ್ದೆಯಕ್ಕ ಹನಿಯ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು ಹನಿ ಇಟ್ಟಳು. ಮೂರೂ ತಬ್ಬಿಕೊಂಡು, ಬಾಗಿ, ಹೊರಟು, ಅಂಚಿನಲ್ಲಿ ಗದ್ದ ಊರಿ ನಿಂತಿದ್ದ ಅತ್ತೆಯ ಗದ್ದಕ್ಕೇ ತಲುಪಿದವು.

ಮೇಸ್ತ್ರಿ ಸೋಲಲಿಲ್ಲ. ಇವಳು ಇಷ್ಟು ವರ್ಷ ಅಂಚಿಗೆ ಒರಗಿ ಒರಗಿ ಕಲ್ಲೇ ಬಾಗಿರಬೇಕು ಎಂದ.

"ಕಟ್ಟೆ ಸರಿಯಾಗೇ ಇದೆ ಕಣೇ. ಅದರ ಮುಂದೆ ನಿಲ್ಲೋಕೆ ನಿನಗೆ ಬರಲ್ಲ, ಅಷ್ಟೇ."

"ಹಾಗಾದ್ರೆ ನೀವೇ ನಿಂತು ತೋರಿಸಿ," ಎಂದಳು ಒದ್ದೆಯಕ್ಕ.

ಪಂದ್ಯ ಅಲ್ಲೇ ನಿಶ್ಚಯವಾಯಿತು. ಬಿಡುವಿನ ವಾರ ಪೂರ್ತಿ ಅಡುಗೆ, ಪಾತ್ರೆ, ಬಟ್ಟೆ ಮೇಸ್ತ್ರಿಯದು. ಹೊಟ್ಟೆ ಒಣಗಿದ್ದರೆ ಅವನು ಗೆದ್ದ. ಒದ್ದೆಯಾದರೆ ಕಟ್ಟೆ ಬಿಚ್ಚಬೇಕು. ತೀರ್ಪು ಅತ್ತೆಯದು. ಅತ್ತೆ ಮಗನ ಕಡೆಯವರೆಂದು ಎಲ್ಲರಿಗೂ ಗೊತ್ತಿದ್ದರೂ ಒದ್ದೆಯಕ್ಕ ಒಪ್ಪಿಕೊಂಡಳು. ನೀರು ಯಾರ ಕಡೆಯದೂ ಅಲ್ಲವಲ್ಲ.

ಮೊದಲ ದಿನ ಮೇಸ್ತ್ರಿ ಕಟ್ಟೆಯಿಂದ ಎರಡು ಮೊಳ ದೂರ ನಿಂತ. ಸೊಂಟದಿಂದ ಮುಂದಕ್ಕೆ ಬಾಗಿ, ಕೈ ಎರಡನ್ನೂ ನೀಳಕ್ಕೆ ಚಾಚಿ, ಹೊಳೆಯ ಆಚೆ ದಡದಲ್ಲಿದ್ದ ಪಾತ್ರೆಯನ್ನು ಈ ದಡದಿಂದ ತೊಳೆಯುವವನ ಹಾಗೆ ತೊಳೆದ. ಹೊಟ್ಟೆ ಒಣಗಿತ್ತು. ಆದರೆ ಹಿಂಭಾಗ ಎದುರಿನ ಕಪಾಟಿಗೆ ತಾಕಿ ಬೇಳೆಯ ಡಬ್ಬ ಉರುಳಿತು. ಬೇಳೆ ಆರಿಸಲು ಕೂತವನು ಏಳಲು ಮರೆತ. ಅವತ್ತು ಊಟಕ್ಕೆ ಅನ್ನ, ಬೇಯಿಸಿದ ಮೊಟ್ಟೆ. ಸಂಜೆಗೆ ಸೊಂಟ ಹಿಡಿದು ಅವನು ಬಾಗಿದ ಹಾಗೇ ಇಡೀ ಮನೆ ಓಡಾಡಿದ. ಅತ್ತೆ ನೋಡಿ, ಏನು ಹುಡುಕುತ್ತಿದ್ದಾನೆ ಇವನು ಎಂದು ಸೊಸೆಯನ್ನು ಕೇಳಿದರು.

ಎರಡನೆಯ ದಿನ ಹತ್ತಿರ ನಿಂತ. ಆಗ ಗೊತ್ತಾದದ್ದು ಅವನ ಹೊಟ್ಟೆ ಹೆಂಡತಿಯ ಹೊಟ್ಟೆಗಿಂತ ಮುಂದಿದೆ ಎಂಬುದು. ಹನಿಗಳಿಗೆ ದಾರಿ ಇನ್ನೂ ಹತ್ತಿರವಾಯಿತು. ಮಧ್ಯಾಹ್ನದ ಹೊತ್ತಿಗೆ ಅವನು ಯಾರಿಗೂ ಕಾಣದಂತೆ ಅಂಗಿ ಬದಲಿಸಿದ. ಆಮೇಲೆ ಇನ್ನೊಮ್ಮೆ. ಅತ್ತೆ ಬಂದು ಮುಟ್ಟಿ ನೋಡಿದಾಗಲೆಲ್ಲ ಮೈಮೇಲೆ ಒಣ ಅಂಗಿ, ತೀರ್ಪು ಮಗನ ಪರ. ಆದರೆ ಒದ್ದೆ ಅಂಗಿಗಳನ್ನು ಎಲ್ಲಾದರೂ ಒಣಗಿಸಬೇಕಲ್ಲ. ಹಿತ್ತಲಿನ ತಂತಿಯ ಮೇಲೆ ಅವನ ಅಂಗಿಗಳು ಸಾಲಾಗಿ, ಒಂದೇ ಎತ್ತರದಲ್ಲಿ ಒಂದೇ ಅಗಲದ ಕಪ್ಪು ಪಟ್ಟಿ ಹೊತ್ತು ತೂಗುತ್ತಿದ್ದವು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ನೋಡಿ, ಹೊಸ ನಮೂನೆಯ ಅಂಗಿಯಾ, ಎಲ್ಲಿ ಸಿಗುತ್ತೆ ಎಂದು ವಿಚಾರಿಸಿದಳು.

ಒದ್ದೆಯಕ್ಕ ಈ ಎರಡೂ ದಿನ ನಡುಮನೆಯ ಕುರ್ಚಿಯಲ್ಲಿ ಕೂತು ಮುಲಾಮು ಹಚ್ಚಿಕೊಂಡಳು. ಅಡುಗೆಮನೆಯನ್ನು ಬಾಗಿಲಿನಿಂದ ನೋಡುವುದು ಹೊಸದಾಗಿತ್ತು. ಎಷ್ಟು ಸಣ್ಣ ಕೋಣೆ, ಒಬ್ಬರು ನಿಂತರೆ ತುಂಬಿಹೋಗುತ್ತದೆ, ಇದರಲ್ಲಿ ನನ್ನ ಇಷ್ಟು ವರ್ಷ ಹೇಗೆ ಹಿಡಿಸಿತು ಎಂದು ಅವಳಿಗೆ ಆಶ್ಚರ್ಯವಾಯಿತು. ಉಪ್ಪೆಲ್ಲಿ, ಜರಡಿ ಎಲ್ಲಿ, ಇದು ಬೆಂದಿದೆಯಾ ಎಂದು ಒಳಗಿನಿಂದ ಕೂಗು ಬರುತ್ತಲೇ ಇತ್ತು. ಅವಳು ಕೂತಲ್ಲಿಂದಲೇ ಉತ್ತರ ಹೇಳುತ್ತಿದ್ದಳು. ಹೊಟ್ಟೆ ಒಣಗಿತ್ತು. ನವೆ ಇಳಿಯತೊಡಗಿತ್ತು. ಅಂಗಿಯ ಮೋಸ ಅವಳಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಬಿಟ್ಟರೆ ಅವನು ಅದನ್ನೂ ವಾದ ಮಾಡುತ್ತಾನೆ, ವಾರ ವಾದದಲ್ಲೇ ಕಳೆಯುತ್ತದೆ. ಸುಮ್ಮನಿದ್ದರೂ ವಾರ ಕಳೆಯುತ್ತಿತ್ತು, ಆ ಭಯ ಅವಳನ್ನು ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರಲು ಬಿಡುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿಗೆ ಒಂದು ಉಪಾಯ ಹೊಳೆಯಿತು. ಒಣ ಅಂಗಿಗಳು ಮುಗಿದಿದ್ದವು, ಹೊಳೆಯಲೇಬೇಕಿತ್ತು. ಕಲ್ಲು ನೀರು ಕುಡಿಯುತ್ತಿದೆ, ಅದಕ್ಕೇ ಒದ್ದೆ ನಿಲ್ಲುತ್ತಿದೆ. ನೀರೇ ಅಂಟದ ಹಾಗೆ ಮಾಡಿದರೆ ಹನಿ ಎಲ್ಲಿಂದ ಬರಬೇಕು ಎಂದು ಲೆಕ್ಕ ಹಾಕಿ, ಟೈಲ್ಸಿನ ಹೊಳಪಿಗೆ ಬಳಿಯುವ ಮೇಣದ ಡಬ್ಬ ತಂದು ಇಡೀ ಕಟ್ಟೆಗೆ ಉಜ್ಜಿದ. ಕಟ್ಟೆ ಕನ್ನಡಿಯಾಯಿತು. ಅವನು ಅದರಲ್ಲಿ ಮೀಸೆ ನೋಡಿಕೊಂಡು, ಒಂದು ರಾಶಿ ಪಾತ್ರೆಗೆ ಕೈಹಾಕಿ, ನಲ್ಲಿ ಪೂರ್ತಿ ತಿರುಗಿಸಿದ.

ಅವನ ಲೆಕ್ಕ ಒಂದು ಮಟ್ಟಿಗೆ ನಿಜವೇ. ನೀರು ಅಂಟಲಿಲ್ಲ. ಇಷ್ಟು ವರ್ಷ ಕಲ್ಲನ್ನು ಹಿಡಿದುಕೊಂಡು ಕೂತಿದ್ದ ಚಿಕ್ಕಮಾವಂದಿರಿಗೆಲ್ಲ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಸಾಸಿವೆ ಕಾಳಿನಷ್ಟು ಹನಿಯೂ ಮಣಿಯ ಹಾಗೆ ದುಂಡಗಾಗಿ, ಯಾರಿಗೂ ಕಾಯದೆ, ಉರುಳಿಕೊಂಡು ಬಂತು. ಮೊದಲು ಹತ್ತರಲ್ಲಿ ಎರಡು ಬರುತ್ತಿದ್ದರೆ ಈಗ ಹತ್ತಕ್ಕೆ ಹತ್ತೂ ಬಂದವು. ಅಂಚಿನಲ್ಲಿ ನಿಲ್ಲುವ ಸೌಜನ್ಯವನ್ನೂ ಬಿಟ್ಟು ನೆಗೆದವು. ಮೇಸ್ತ್ರಿ ಒಂದು ಕೈಯಿಂದ ತಡೆದರೆ ಇನ್ನೊಂದು ಕಡೆಯಿಂದ ಬಂದವು. ಅವನು ಹೊಟ್ಟೆ ಉಳಿಸಿಕೊಳ್ಳಲು ಕಾಲು ಬೆರಳ ಮೇಲೆ ನಿಂತ. ಹೊಟ್ಟೆ ಉಳಿಯಿತು, ಹನಿಗಳು ಕೆಳಗಿನ ಜಾಗಕ್ಕೆ ಇಳಿದವು. ಅವನ ಪ್ಯಾಂಟು ಮುಂಭಾಗದಲ್ಲಿ, ಒದ್ದೆಯಾಗಬಾರದ ಜಾಗದಲ್ಲೇ ಸರಿಯಾಗಿ, ತೊಪ್ಪೆಯಾಯಿತು.

ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕೈಯಲ್ಲಿ ಸೌಟು ಹಿಡಿದೇ ಹೋಗಿ ಮೇಸ್ತ್ರಿ ಬಾಗಿಲು ತೆರೆದ. ಹೊರಗೆ ಹೋಟೆಲಿನ ಕಟ್ಟಡದ ಉಸ್ತುವಾರಿ ನೋಡುವ ಹೆಂಗಸು ನಿಂತಿದ್ದಳು. ಕೆಲಸ ಯಾವಾಗ ಶುರುಮಾಡುವುದೆಂದು ಮಾತಾಡಲು ಬಂದವಳು, ಅವನ ಮುಖ ನೋಡಿದಳು, ಕೆಳಗೆ ನೋಡಿದಳು, ತಕ್ಷಣ ಸೂರಿನ ಕಡೆ ನೋಡತೊಡಗಿದಳು. ಬೇಕಾದರೆ ಆಮೇಲೆ ಬರುತ್ತೇನೆ ಎಂದಳು.

ಮೇಸ್ತ್ರಿಗೆ ಎರಡೇ ದಾರಿ ಇದ್ದವು. ತನ್ನ ಮನೆಯ ಕಟ್ಟೆಯ ವಾಟ ತಪ್ಪಿದೆ ಎನ್ನಬೇಕು, ಇಲ್ಲವೇ ಅವಳು ಅಂದುಕೊಂಡದ್ದನ್ನು ಹಾಗೇ ಬಿಡಬೇಕು. ಅವನು ಒಂದು ಕ್ಷಣ ಯೋಚಿಸಿದ. ಯೋಚಿಸಿ ಹೇಳಿದ:

"ಏನಿಲ್ಲ ಮೇಡಂ, ವಯಸ್ಸಾಯ್ತಲ್ಲ. ಒಂದೊಂದ್ಸಲ ತಡ್ಕೊಳ್ಳೋಕಾಗಲ್ಲ."

ನಡುಮನೆಯಲ್ಲಿ ಒದ್ದೆಯಕ್ಕ ಕಿವಿಯನ್ನು ನಂಬದೆ ಕೂತಳು. ಮರ್ಯಾದೆ ಕಳೆದುಕೊಂಡಾನು, ವಾಟ ಬಿಟ್ಟುಕೊಡನು. ಕಟ್ಟೆಯ ಆಸೆ ಇನ್ನು ಬಿಡಬೇಕು ಎಂದು ಅವಳು ಮುಲಾಮಿನ ಮುಚ್ಚಳ ತಿರುಗಿಸುತ್ತಿದ್ದಾಗ, ಪಕ್ಕದಲ್ಲಿದ್ದ ಅತ್ತೆ ಧಡಕ್ಕನೆ ಎದ್ದರು. ಸೊಸೆಯ ನವೆಗೆ ಏಳದ ಅತ್ತೆ ವಂಶದ ಮಾನಕ್ಕೆ ಎದ್ದರು. ಬಾಗಿಲಿಗೆ ಬಂದು ಮಗನನ್ನು ಪಕ್ಕಕ್ಕೆ ಸರಿಸಿದರು.

"ಏನಂದೆಯೋ? ನಿಮ್ಮಪ್ಪ ಸಾಯೋವರೆಗೂ ಒಂದು ದಿನ ಹಾಸಿಗೆ ಒದ್ದೆ ಮಾಡ್ಕೊಂಡವರಲ್ಲ. ನೀನೂ ಮಾತು ಬರೋಕೆ ಮುಂಚೆ ಬಿಟ್ಟವನು. ಇವನ ಮಾತು ನಂಬಬೇಡಮ್ಮ ನೀನು. ಇವನಿಗೆ ಒಂದು ರೋಗವೂ ಇಲ್ಲ. ಇವನು ಹಾಕಿದ ಕಟ್ಟೆ ವಾಟ ಉಲ್ಟಾ ಆಗಿದೆ, ಅಷ್ಟೇ. ಬಾ, ಬೇಕಾದ್ರೆ ತೋರಿಸ್ತೀನಿ."

ತೀರ್ಪು ಹೊರಬಿದ್ದಿತ್ತು. ಅದು ತೀರ್ಪೆಂದು ಅತ್ತೆಗೇ ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ.

ಉಸ್ತುವಾರಿಯವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಟ್ಟೆಯ ಮೇಲೆ ಒಂದು ಹನಿ ಇಟ್ಟಳು. ಅದು ಅವಳ ತೋಳಿಗೇ ಬಂತು. ಅವಳು ನಗಲಿಲ್ಲ. ಇಷ್ಟು ಚೆನ್ನಾಗಿ ಬಚ್ಚಲು ಮಾಡುವವರು ಇದನ್ನು ಹೇಗೆ ಹೀಗೆ ಮಾಡಿದಿರಿ, ಎಲ್ಲಿ ನಿಂತು ಕಲ್ಲು ಕೂರಿಸಿದಿರಿ ಎಂದು ಕೇಳಿದಳು.

ಮೇಸ್ತ್ರಿ ನೆನಪಿಸಿಕೊಂಡ. ಆಗ ಕಿಟಕಿಯ ಗೋಡೆ ಎದ್ದಿರಲಿಲ್ಲ. ಅಡುಗೆಮನೆಯ ಒಳಗೆಲ್ಲ ಸಿಮೆಂಟಿನ ಚೀಲ. ನಿಲ್ಲಲು ಜಾಗವಿಲ್ಲದೆ ಅವನು ಹೊರಗೆ ಹಿತ್ತಲಲ್ಲಿ ನಿಂತು ಕಲ್ಲು ಕೂರಿಸಿದ್ದ. ವಾಟ ಎಂದಿನ ಹಾಗೆ ತನ್ನಿಂದ ಆಚೆಗೆ ಕೊಟ್ಟಿದ್ದ. ಬಚ್ಚಲಲ್ಲಿ ಅವನು ಮೂಲೆಯ ನೀರಿನ ತೂತಿನಿಂದ ಬಾಗಿಲ ಕಡೆಗೆ ಹಿಂದಡಿ ಇಡುತ್ತ ಟೈಲ್ಸು ಹಾಕುವವನು; ತನ್ನಿಂದ ಆಚೆಗೆ ಎಂದರೆ ಯಾವಾಗಲೂ ಸರಿಯಾದ ಕಡೆಗೇ. ಅದನ್ನು ಬಾಯಲ್ಲಿ ಹೇಳಿದರೆ ತಿಳಿಯಲಿಕ್ಕಿಲ್ಲವೆಂದು ಹಿತ್ತಲಿಗೆ ಹೋಗಿ, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ, ಸೌಟನ್ನೇ ಸಿಮೆಂಟು ಬಳಿಯುವ ಕರಣೆಯ ಹಾಗೆ ಆಡಿಸಿ ತೋರಿಸಿದ. ಸೌಟಿನಿಂದ ಉದುರಿದ ಹನಿಗಳು ಅವನ ಕೈಯ ಕೆಳಗಿನಿಂದ ಹೊರಟು, ಮೇಣದ ಮೇಲೆ ಸಾಲಾಗಿ, ಅವನು ಹೇಳಿದ ಹಾಗೇ ಅವನಿಂದ ಆಚೆಗೆ ಓಡಿದವು. ಆ ಕೊನೆಯಲ್ಲಿ, ಅಭ್ಯಾಸಬಲದಿಂದ, ಅವನ ಹೆಂಡತಿ ನಿಂತಿದ್ದಳು.

ಮೇಸ್ತ್ರಿಯ ಕೈ ನಿಂತಿತು. ಕಿಟಕಿಯ ಆಚೆಯಿಂದ ಅವನು ಆ ಕಟ್ಟೆಯನ್ನು ಮದುವೆಯ ವರ್ಷದ ಮೇಲೆ ನೋಡಿರಲಿಲ್ಲ. ಆಗ ಅದರ ಎದುರಿಗೆ ಸಿಮೆಂಟಿನ ಚೀಲಗಳಿದ್ದವು.

"ಇದು ಆ ಕಡೆ ಹೋಗ್ತಿದೆ," ಎಂದ ಮೆಲ್ಲಗೆ.

"ಆ ಕಡೆ ಅಲ್ಲ ರೀ," ಎಂದಳು ಒದ್ದೆಯಕ್ಕ. "ನನ್ನ ಕಡೆ."

ಉಸ್ತುವಾರಿಯವಳು ಅಲ್ಲಿಂದ ಹೊರಡುವ ಮುಂಚೆ ಒಂದು ಮಾತು ಹೇಳಿದಳು. ಹೋಟೆಲಿನಲ್ಲಿ ಬಚ್ಚಲುಗಳಷ್ಟೇ ಅಲ್ಲ, ದೊಡ್ಡ ಅಡುಗೆಮನೆಯೂ ಇದೆ, ಉದ್ದಕ್ಕೂ ಕಟ್ಟೆಗಳು. ಅಡುಗೆಯವರೆಲ್ಲ ಹೀಗೆ ಒದ್ದೆಯಾಗಿ ಓಡಾಡಿದರೆ ಊಟಕ್ಕೆ ಬಂದವರು ಏನೆಂದುಕೊಳ್ಳಬೇಕು? ಮೊದಲು ಈ ಕಟ್ಟೆ ಸರಿಯಾಗಲಿ, ವಾರದ ಕೊನೆಗೆ ಬಂದು ನೋಡುತ್ತೇನೆ, ಆಮೇಲೆ ಅಲ್ಲಿಯದು ಎಂದಳು.

ಮಾರನೆಯ ಬೆಳಿಗ್ಗೆ ಕಲ್ಲು ಎದ್ದಿತು. ಮುಂಚೆಯೇ ಒಂದು ಮಾತು ಹೇಳಬಾರದಿತ್ತಾ ಎಂದು ಮೇಸ್ತ್ರಿ ಉಳಿಯಿಂದ ಸಿಮೆಂಟು ಕೀಳುತ್ತ ಕೇಳಿದ. ಒದ್ದೆಯಕ್ಕ ಅವನ ಕೈಗೆ ಸುತ್ತಿಗೆ ಕೊಟ್ಟಳು. ಕಲ್ಲು ಹೇಗೂ ಎದ್ದಿದೆಯಲ್ಲ, ಕಟ್ಟೆಯನ್ನು ನಾಲ್ಕು ಬೆರಳು ಎತ್ತರಿಸಿ, ಬಾಗಿ ಬಾಗಿ ಬೆನ್ನು ನೋಯುತ್ತದೆ ಎಂದಳು. ಅದಕ್ಕೂ ಅವನು ಬಾಯಿ ತೆರೆದ; ಮೊದಲ ದಿನದ ಸೊಂಟ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ, ಹಾಗೇ ಮುಚ್ಚಿಕೊಂಡ. ಈ ಸಲ ಅವನು ಒಳಗೆ ನಿಂತ, ಅವಳು ನಿಲ್ಲುವ ಜಾಗದಲ್ಲೇ. ಅಲ್ಲಿ ನಿಂತು ವಾಟವನ್ನು ಎಂದಿನ ಹಾಗೆ ತನ್ನಿಂದ ಆಚೆಗೆ ಕೊಟ್ಟ. ನೀರು ಗೋಡೆಯ ಕಡೆಗೆ ಹೋಗಿ, ಅಲ್ಲಿಂದ ಮೂಲೆ ಹಿಡಿದು, ತೆಪ್ಪಗೆ ಸಿಂಕಿಗೆ ಇಳಿಯತೊಡಗಿತು. ಉಸ್ತುವಾರಿಯವಳು ಬಂದಳು, ನೋಡಿದಳು, ಹೋಟೆಲಿನ ಕೆಲಸ ನಿಕ್ಕಿಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಒದ್ದೆಯಕ್ಕನ ಹೊಟ್ಟೆಯ ಮೇಲಿನ ಚರ್ಮ ಮೊದಲಿನಂತಾಯಿತು.

ಈಗ ಮೇಸ್ತ್ರಿಗೆ ಆ ಕಟ್ಟೆಯ ಮೇಲೆ ಎಲ್ಲಿಲ್ಲದ ಮೋಹ. ಕೆಲಸದಿಂದ ಬಂದವನು ಕೈಕಾಲು ತೊಳೆದು ನೇರ ಅದರ ಮುಂದೆ ಹೋಗಿ ನಿಲ್ಲುತ್ತಾನೆ. ಮನೆಗೆ ಯಾರು ಬಂದರೂ ಅಡುಗೆಮನೆಗೆ ಕರೆದು, ನೀರಿನ ಓಟ ನೋಡಿ ಎಂದು ಸಿಂಕಿನಲ್ಲಿದ್ದ ಪಾತ್ರೆಗಳನ್ನು ಒಂದೊಂದಾಗಿ ತೊಳೆದು, ಹನಿಗಳು ಗೋಡೆಯ ಕಡೆಗೆ ಹಿಂದೇಟು ಹಾಕದೆ ಹೋಗುವುದನ್ನು ವಿವರಿಸುತ್ತಾನೆ. ಯಾರೂ ಬರದ ದಿನ ತಾಯಿಗೆ ತೋರಿಸುತ್ತಾನೆ. ಅತ್ತೆಯೂ ಕುರ್ಚಿ ಎಳೆದುಕೊಂಡು ಬಂದು, ಆ ಬಾಣಲೆಯದು ನೋಡೋಣ, ಈ ಕುಕ್ಕರಿನದು ನೋಡೋಣ ಎಂದು ಕೇಳಿ ಕೇಳಿ ನೋಡುತ್ತಾರೆ. ಅದನ್ನು ಪಾತ್ರೆ ತೊಳೆಯುವುದು ಅನ್ನುತ್ತಾರೆಂದು ಮನೆಯಲ್ಲಿ ಯಾರೂ ಅವನಿಗೆ ಹೇಳಿಲ್ಲ. ಮಗಳು ಒಮ್ಮೆ ಹೇಳಲು ಹೋಗಿದ್ದಳು. ಒದ್ದೆಯಕ್ಕ ಅವಳ ಕಾಲು ಮೆಟ್ಟಿದಳು.